ಭಾವನ ಜೇಬಿನಲ್ಲಿದ್ದ ಫ್ಯೂಸು

ಐವತ್ತಕ್ಕೆ ಇನ್ನೊಂದೇ ವರ್ಷ ಇದ್ದಾಗ ಭಾವ ಕರೆಂಟ್ ಕೆಲಸ ಕಲಿಯಲು ಹೊರಟರು. ಕಲಿಸಬೇಕಾದವನು ಹೆಂಡತಿಯ ತಮ್ಮ ಪುಟ್ಟ. ಪುಟ್ಟ ಎಂದರೆ ಮೂವತ್ತಾರು ವರ್ಷದ, ಆರಡಿ ಎತ್ತರದ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಮನೆಯವರು ಇಟ್ಟ ಮುದ್ದಿನ ಹೆಸರು ಇನ್ನೂ ಬೆನ್ನು ಬಿಟ್ಟಿಲ್ಲ, ಅಷ್ಟೆ. ಅವನು ಮಾತಿಗೊಮ್ಮೆ ಭಾವ, ಭಾವ ಎನ್ನುವುದನ್ನು ಕೇಳಿ ಕೇಳಿ ಗಿರಾಕಿಗಳು, ವೈರ್ ಅಂಗಡಿಯವನು, ಕೊನೆಗೆ ಮೂಲೆಯ ಹೋಟೆಲಿನಿಂದ ಟೀ ತರುವ ಮುದುಕಪ್ಪ ಕೂಡ ಇವರನ್ನು ಭಾವ ಅಂತಲೇ ಕರೆಯತೊಡಗಿದರು. ಒಂದೇ ತಿಂಗಳಲ್ಲಿ ಇಷ್ಟು ಜನ ಭಾವಮೈದಂದಿರು ಬೇರೆ ಯಾರಿಗೂ ಸಿಕ್ಕಿರಲಾರರು.

ಅದಕ್ಕೆ ಮುಂಚೆ ಇಪ್ಪತ್ತಾರು ವರ್ಷ ಅವರು ಒಂದು ಬಟ್ಟೆ ಅಂಗಡಿಯಲ್ಲಿ ನಿಂತಿದ್ದರು. ನಿಂತಿದ್ದರು ಅನ್ನುವುದು ಮಾತಿಗೆ ಹೇಳಿದ್ದಲ್ಲ. ಆ ಅಂಗಡಿಯಲ್ಲಿ ಕುರ್ಚಿ ಇದ್ದದ್ದು ಗಿರಾಕಿಗಳಿಗೆ ಮಾತ್ರ. ಥಾನು ಬಿಚ್ಚುವುದು, ಹರಡುವುದು, ಮಡಿಸುವುದು, ಮಡಿಸಿದ್ದನ್ನು ಇನ್ನೊಬ್ಬರಿಗಾಗಿ ಮತ್ತೆ ಬಿಚ್ಚುವುದು. ಮೊದಲ ದಿನ ಮಾಲೀಕರು ಹೇಳಿಕೊಟ್ಟ ಪಾಠ ಒಂದೇ ಒಂದು. "ನಿನ್ನ ಬಾಯಲ್ಲಿ ಇಲ್ಲ ಅನ್ನೋ ಮಾತು ಬರಕೂಡದು. ಕೇಳಿದ ಬಣ್ಣ ಇಲ್ಲದಿದ್ರೆ, ಅದಕ್ಕಿಂತ ಚೆನ್ನಾಗಿರೋದು ತೋರಿಸ್ತೀನಿ ಬನ್ನಿ ಅನ್ನು." ಭಾವ ಆ ಪಾಠವನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ ಮನೆಗೆ ಬಂದ ಮೇಲೂ ಮರೆಯಲಿಲ್ಲ. ಪಕ್ಕದ ಮನೆಯವರು ಎರಡು ವಾರ ಬೆಕ್ಕು ನೋಡಿಕೊಳ್ಳಿ ಎಂದರು, ಇವರು ಅದಕ್ಕೇನಂತೆ ಎಂದರು. ಆ ಬೆಕ್ಕು ಎಂಟು ವರ್ಷದಿಂದ ಇವರ ಸೋಫಾದ ಮೇಲೇ ಇದೆ.

ಮಾಲೀಕರಿಗೆ ವಯಸ್ಸಾಯಿತು, ಅಂಗಡಿ ಮುಚ್ಚಿತು. ಭಾವ ಎರಡು ತಿಂಗಳು ಮನೆಯ ಬಟ್ಟೆಗಳನ್ನೆಲ್ಲ ಮಡಿಸಿದರು. ಟವೆಲ್ಲು, ಹೊದಿಕೆ, ಕಿಟಕಿಯ ಪರದೆ, ಒಂದನ್ನೂ ಬಿಡಲಿಲ್ಲ. ಮೂರನೆಯ ತಿಂಗಳು ಹೆಂಡತಿ ಕಪಾಟಿಗೆ ಬೀಗ ಜಡಿದು ತಮ್ಮನಿಗೆ ಫೋನ್ ಮಾಡಿದಳು.

"ಪುಟ್ಟಾ, ನಿನ್ನ ಭಾವನಿಗೆ ನಿನ್ನ ಕೆಲಸ ಕಲಿಸು."

"ಅಕ್ಕಾ, ಭಾವನಿಗೆ ನಾನು ಹೇಗೆ ಕಲಿಸ್ಲಿ?"

"ಬಾಯಲ್ಲಿ ಕಲಿಸ್ತೀಯೋ ಕೈಯಲ್ಲಿ ಕಲಿಸ್ತೀಯೋ, ನನಗೇನು ಗೊತ್ತು? ಇವರು ಹೀಗೇ ಮನೇಲಿದ್ರೆ ನಾಳೆ ನನ್ನನ್ನೂ ಮಡಿಸಿ ಇಟ್ಬಿಡ್ತಾರೆ."

ಮೂರು ತಿಂಗಳು ನೋಡೋಣ ಎಂದು ಮಾತಾಯಿತು. ಮೂರು ತಿಂಗಳಾದ ಮೇಲೆ ಪುಟ್ಟ ಒಂದು ಫಾರಂಗೆ ಸಹಿ ಹಾಕಬೇಕು: ಇವರು ನನ್ನ ಕೈಕೆಳಗೆ ಕಲಿಯುತ್ತಿದ್ದಾರೆ, ಈ ಕೆಲಸಕ್ಕೆ ಯೋಗ್ಯರು ಎಂದು. ಆ ಸಹಿ ಬಿದ್ದರೆ ಎರಡು ವರ್ಷದ ನಂತರ ಪರೀಕ್ಷೆಗೆ ಕೂರಬಹುದು, ಪಾಸಾದರೆ ತಮ್ಮದೇ ಲೈಸೆನ್ಸು. ಬೀಳದಿದ್ದರೆ ಹೆಂಡತಿಯ ಕೈಕಾಲು ಹಿಡಿದು ಕಪಾಟಿನ ಬೀಗ ತೆಗೆಸಬೇಕು. ಭಾವ ಅದಕ್ಕೆ ಮೊದಲೇ ಐದು ಕಡೆ ಹೋಗಿ ಕೆಲಸ ಕೇಳಿ ಬಂದಿದ್ದರು. ಐದೂ ಕಡೆ ಅವರ ತಲೆಯ ಬಿಳಿ ಕೂದಲು ನೋಡಿ ನಗುಮುಖದಿಂದ ಕಳಿಸಿಕೊಟ್ಟಿದ್ದರು. ಹೀಗಾಗಿ ಪ್ರತಿ ಬೆಳಿಗ್ಗೆ ಹೊಸ ದಪ್ಪ ಬೂಟಿನ ದಾರ ಕಟ್ಟುವಾಗ ಅವರಿಗೆ ಪುಟ್ಟನ ಮೇಲೆ ಮನಸ್ಸು ತುಂಬಿ ಬರುತ್ತಿತ್ತು. ಈ ವಯಸ್ಸಿನಲ್ಲಿ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಕೊಟ್ಟನಲ್ಲ ಎಂದು ಯಾರೂ ಕೇಳದಿದ್ದರೂ ಹೇಳಿಕೊಳ್ಳುತ್ತಿದ್ದರು, ಕೊನೆಗೆ ಬೆಕ್ಕಿಗಾದರೂ ಸರಿ.

ತೊಂದರೆ ಇದ್ದದ್ದು ಒಂದೇ. ಪುಟ್ಟನಿಗೆ ಭಾವನನ್ನು ಬೈಯಲು ಬರುತ್ತಿರಲಿಲ್ಲ.

ಬೈಯದೆ ಕೈಕೆಲಸ ಕಲಿಸಿದವರು ಯಾರಿದ್ದಾರೆ ಹೇಳಿ. ಪುಟ್ಟನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಆದರೆ ಹನ್ನೊಂದು ವರ್ಷದ ಪುಟ್ಟನಿಗೆ ಸೈಕಲ್ ಕಲಿಸಿದವರು ಇದೇ ಭಾವ. ಹೊಸದಾಗಿ ಮದುವೆಯಾದವರು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಸೀಟು ಹಿಡಿದು ಬೀದಿ ತುಂಬ ಓಡಿದವರು. ಒಂದು ದಿನ ಹೇಳದೆ ಕೇಳದೆ ಸೀಟು ಬಿಟ್ಟಿದ್ದರು. ಪುಟ್ಟ ನೇರವಾಗಿ ಹೋಗಿ ಚರಂಡಿಗೆ ಬಿದ್ದಾಗ, "ಮುಂದೆ ನೋಡ್ಕೊಂಡು ತುಳಿಯೋ ಕತ್ತೆ!" ಎಂದು ಬೈದು, ಎತ್ತಿ, ಮೈ ತೊಳೆದು, ಅಕ್ಕನಿಗೆ ಗೊತ್ತಾಗದಂತೆ ಮನೆ ಸೇರಿಸಿದ್ದರು. ಅಂಥವರನ್ನು ಏನೆಂದು ಬೈಯುವುದು? ಅದಕ್ಕೆ ಪುಟ್ಟ ಒಂದು ಉಪಾಯ ಕಂಡುಕೊಂಡ. ಅವನು ಏಣಿಯನ್ನು ಬೈಯುತ್ತಿದ್ದ.

ಎರಡನೆಯ ವಾರವೇ ಶುರುವಾಯಿತು. ಭಾವ ಗೋಡೆಯ ಸ್ವಿಚ್ ಡಬ್ಬಿಯ ಬಾಯಿಗೆ ಸರಿಯಾಗಿ, ಒಂದು ಕೂದಲೆಳೆಯೂ ಹೆಚ್ಚಿಲ್ಲದಂತೆ ವೈರ್ ಕತ್ತರಿಸಿದ್ದರು. ಬಟ್ಟೆ ಅಂಗಡಿಯ ಕೈ, ಅಳತೆಗಿಂತ ಒಂದಿಂಚು ಹೆಚ್ಚು ಹೋದರೆ ಅವರ ಜೀವ ಹೋದಂತೆ. ಪುಟ್ಟ ಬಂದು ನೋಡಿದ. ಮುಖ ಕೆಂಪಾಯಿತು. ಉಗುಳು ನುಂಗಿಕೊಂಡು ಪಕ್ಕದಲ್ಲಿದ್ದ ಮರದ ಏಣಿಯ ಕಡೆ ತಿರುಗಿದ.

"ಏನಪ್ಪಾ ಏಣಿ, ಡಬ್ಬಿ ಒಳಗೆ ನಾಲ್ಕು ಬೆರಳು ವೈರ್ ಹೆಚ್ಚಿಗೆ ಬಿಡ್ಬೇಕು ಅಂತ ನಿನಗೆ ಎಷ್ಟು ಸಲ ಹೇಳೋದು? ನಾಳೆ ಸ್ವಿಚ್ ಬಿಚ್ಚಬೇಕಾದ್ರೆ ಏನು ನಿನ್ನ ಕಿವಿ ಹಿಡಿದು ಎಳೀಲಾ? ತಲೇಲಿ ಏನಿದೆ, ಮರದ ಪುಡಿನಾ?"

ಏಣಿ ಸುಮ್ಮನಿತ್ತು. ಭಾವ ಏಣಿಯ ಪರವಾಗಿ ತಲೆ ತಗ್ಗಿಸಿದರು. ಆಮೇಲೆ ಪುಟ್ಟ ಮೃದುವಾಗಿ, "ಭಾವ, ನೀವು ಕೂತ್ಕೊಳ್ಳಿ, ಇದನ್ನ ನಾನು ನೋಡ್ಕೋತೀನಿ" ಎಂದು ತಾನೇ ಹೊಸ ವೈರ್ ಎಳೆದ.

ಹೀಗೆ ಬೈಗುಳವೂ ಏಣಿಗೆ ಹೋಯಿತು, ಕೆಲಸವೂ ಪುಟ್ಟನ ಕೈಗೇ ಹೋಯಿತು. ಭಾವನಿಗೆ ಉಳಿದದ್ದು ಏಣಿ ಹಿಡಿಯುವುದು, ಪೈಪ್ ಕೊಯ್ಯುವುದು, ಗೋಡೆ ಕೊರೆದ ಧೂಳು ಗುಡಿಸುವುದು, ವೈರನ್ನು ಸುರುಳಿ ಸುತ್ತುವುದು. ಸುತ್ತುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಗಿರಾಕಿಗಳು ಇವರ ಬಿಳಿ ಕೂದಲು ನೋಡಿ ಇವರೇ ಯಜಮಾನರು ಎಂದುಕೊಂಡು, ಏಣಿಯ ಮೇಲಿದ್ದ ಪುಟ್ಟನನ್ನು ತೋರಿಸಿ, "ನಿಮ್ಮ ಹುಡುಗ ಕೆಲಸ ಚೆನ್ನಾಗಿ ಮಾಡ್ತಾನಾ?" ಎಂದು ಕೇಳುತ್ತಿದ್ದರು. "ಪರವಾಗಿಲ್ಲ, ಕಲೀತಿದ್ದಾನೆ" ಎಂದು ಪುಟ್ಟನೇ ಮೇಲಿಂದ ಉತ್ತರ ಕೊಡುತ್ತಿದ್ದ. ಆಗ ಇಬ್ಬರೂ ನಗುತ್ತಿದ್ದರು. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಭಾವನಿಗೆ ನಗು ಬರುತ್ತಿರಲಿಲ್ಲ. ಪುಟ್ಟ ಸಹಿ ಹಾಕದೇ ಬಿಡುತ್ತಾನೇನೋ ಎಂದು ಒಂದು ಭಯ. ಭಾವ ಎಂಬ ಮುಲಾಜಿಗೆ, ಕೆಲಸ ಬರದಿದ್ದರೂ ಹಾಕಿಬಿಡುತ್ತಾನೇನೋ ಎಂದು ಅದಕ್ಕಿಂತ ದೊಡ್ಡ ಭಯ.

ಒಂದು ವಿಷಯದಲ್ಲಿ ಮಾತ್ರ ಪುಟ್ಟ ಏಣಿಯನ್ನು ನಡುವೆ ತರಲಿಲ್ಲ. ಮೊದಲ ದಿನವೇ ಭಾವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದ. ಕೆಲಸಕ್ಕೆ ಕೈ ಹಾಕುವ ಮುಂಚೆ ಮೇನ್ ಸ್ವಿಚ್ ಇಳಿಸಿ, ಬೋರ್ಡಿನಿಂದ ಫ್ಯೂಸು ಕಿತ್ತು, ಅಂಗೈಯಗಲದ ಆ ಬಿಳಿ ಪಿಂಗಾಣಿ ತುಂಡನ್ನು ಭಾವನ ಜೇಬಿಗೆ ಹಾಕಿದ.

"ಇದು ನಿಮ್ಮ ಜೇಬಲ್ಲೇ ಇರ್ಬೇಕು. ಯಾರು ಕೇಳಿದ್ರೂ ಕೊಡ್ಬೇಡಿ. ನಾನೇ ಮೇಲಿಂದ ಹಾಕಿ ಅಂತ ಕೂಗಿದ್ರೂ ಹಾಕ್ಬೇಡಿ. ಮೇಲೆ ಹೋಗಿ, ಯಾರೂ ವೈರ್ ಮುಟ್ತಾ ಇಲ್ಲ ಅಂತ ನಿಮ್ಮ ಕಣ್ಣಾರೆ ನೋಡಿ, ಆಮೇಲೆ ಹಾಕಿ. ಫ್ಯೂಸ್ ಯಾರ ಜೇಬಲ್ಲಿದೆಯೋ ಬೋರ್ಡ್ ಅವರದು. ಅವರು ಬರೋ ತನಕ ಬೇರೆ ಯಾರೂ ಅದನ್ನ ಮುಟ್ಟೋ ಹಾಗಿಲ್ಲ. ನಾನೂ ಅಷ್ಟೇ."

ಭಾವ ತಲೆಯಾಡಿಸಿದರು. ಇಷ್ಟು ಸುಲಭದ ನಿಯಮ ಇನ್ನೊಂದಿಲ್ಲ ಅನ್ನಿಸಿತು. ಜೇಬಿನಲ್ಲಿ ಆ ತಣ್ಣನೆಯ ಭಾರ ಇದ್ದಾಗ ಮಾತ್ರ ಅವರಿಗೆ ತಾನೂ ಈ ಕೆಲಸದವನು ಅನ್ನಿಸುತ್ತಿತ್ತು.

ಹನ್ನೊಂದನೆಯ ವಾರ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಬಿತ್ತು. ಹಳೆಯ ಎರಡಂತಸ್ತಿನ ಮನೆ. ಕೆಳಗೆ ಕ್ಲಿನಿಕ್ಕು, ಮೇಲಿನ ಎರಡು ಕೋಣೆಗಳಿಗೆ ಹೊಸ ವೈರಿಂಗು. ಮುಂಬಾಗಿಲಿನ ಪಕ್ಕ, ಮೆಟ್ಟಿಲ ಕೆಳಗೆ ಮೇನ್ ಬೋರ್ಡು. ಹಿಂದುಗಡೆ ಕಬ್ಬಿಣದ ಇನ್ನೊಂದು ಮೆಟ್ಟಿಲು. ಡಾಕ್ಟರಮ್ಮ ಮೆಲುದನಿಯ ಹೆಂಗಸು, ನೋವಾಗುತ್ತೆ ಎಂದು ಹೇಳಿದರೂ ಹಿತವಾಗಿ ಕೇಳಿಸುವಂಥ ದನಿ. ಹತ್ತರಿಂದ ಒಂದು ಗಂಟೆಯವರೆಗೆ ಕರೆಂಟ್ ಇರುವುದಿಲ್ಲ, ಯಾರನ್ನೂ ಕೂರಿಸಿಕೊಳ್ಳಬೇಡಿ ಎಂದು ಪುಟ್ಟ ಮೊದಲೇ ಹೇಳಿದ್ದ. ಅವರೂ ಒಪ್ಪಿದ್ದರು.

ಹನ್ನೊಂದೂವರೆಗೆ ಪುಟ್ಟ ಕೆಳಗಿಳಿದು ಬಂದು, "ಭಾವ, ವೈರ್ ಕ್ಲಿಪ್ ಮುಗೀತು, ತರ್ತೀನಿ" ಎಂದು ಮುಂಬಾಗಿಲಿನಿಂದ ಹೊರಗೆ ಹೋದ. ವೈರ್ ಅಂಗಡಿಗೆ ಹೋಗಿ ಬರಲು ಹತ್ತು ನಿಮಿಷವಾದರೂ ಬೇಕು. ಭಾವ ಬೋರ್ಡಿನ ಹತ್ತಿರ ನಿಂತು ವೈರ್ ಸುತ್ತುತ್ತಿದ್ದರು. ಆಗ ಡಾಕ್ಟರಮ್ಮ ಕೈಗವಸು ಹಾಕಿದ ಎರಡೂ ಕೈ ಮೇಲೆತ್ತಿಕೊಂಡು ಹೊರಗೆ ಬಂದರು.

"ಭಾವನವರೇ, ಒಂದು ಉಪಕಾರ ಆಗ್ಬೇಕಿತ್ತು. ಒಬ್ಬರು ಕೆನ್ನೆ ಊದಿಸ್ಕೊಂಡು ಬಂದ್ರು. ಬರೀ ನೋಡಿ ಮಾತ್ರೆ ಕೊಟ್ಟು ಕಳಿಸೋಣ ಅಂತ ಕೂರಿಸಿದೆ. ಮುಟ್ಟಿದ್ದೇ ತಡ, ಹಲ್ಲಿಗೆ ತುಂಬಿದ್ದ ಹಳೇ ಸಿಮೆಂಟು ಕೈಗೇ ಬಂತು. ಈಗ ಬಿಡೋ ಹಾಗೂ ಇಲ್ಲ, ಮುಚ್ಚೋ ಹಾಗೂ ಇಲ್ಲ. ಎರಡೇ ಎರಡು ನಿಮಿಷ ಮಷೀನ್ ಓಡಿದ್ರೆ ಸಾಕು."

ತೆರೆದ ಬಾಗಿಲಿನಿಂದ ಕುರ್ಚಿ ಕಾಣುತ್ತಿತ್ತು. ಅದರಲ್ಲಿ ದಪ್ಪಗಿನ ಮನುಷ್ಯರೊಬ್ಬರು ಬಾಯಿ ತೆರೆದುಕೊಂಡೇ ಮಲಗಿದ್ದರು. ಕಣ್ಣು ಮಾತ್ರ ಇವರ ಕಡೆ ತಿರುಗಿತು. ಅಷ್ಟು ದೈನ್ಯದ ಕಣ್ಣನ್ನು ಭಾವ ಇಪ್ಪತ್ತಾರು ವರ್ಷದಲ್ಲಿ ಯಾವ ಗಿರಾಕಿಯ ಮುಖದಲ್ಲೂ ಕಂಡಿರಲಿಲ್ಲ.

ಇಲ್ಲ ಎನ್ನಬೇಕು ಎಂದು ಅವರಿಗೆ ಗೊತ್ತಿತ್ತು. ಬಾಯಿ ತೆರೆದರು. ನಾಲಿಗೆ ಆ ಶಬ್ದವನ್ನು ಹುಡುಕಿತು, ಸಿಗಲಿಲ್ಲ. ಮೇಲೆ ಯಾರೂ ಇಲ್ಲವಲ್ಲ, ಪುಟ್ಟ ಹೊರಗೆ ಹೋದದ್ದನ್ನು ಕಣ್ಣಾರೆ ನೋಡಿದೆನಲ್ಲ, ಎರಡೇ ನಿಮಿಷ ತಾನೆ ಎಂದು ಮನಸ್ಸು ಲೆಕ್ಕ ಹಾಕಿತು.

"ಅದಕ್ಕೇನಂತೆ ಮೇಡಂ" ಎಂದರು.

ಫ್ಯೂಸು ಬೋರ್ಡಿಗೆ ಹೋಯಿತು. ಸ್ವಿಚ್ ಮೇಲೇರಿತು. ಒಳಗೆ ಮಷೀನು ಗುಂಯ್ ಎನ್ನತೊಡಗಿತು. ಅದರ ಜೊತೆಜೊತೆಗೇ ಮೇಲೆ ಧಡಾರ್ ಎಂದು ಏನೋ ಬಿದ್ದ ಸದ್ದಾಯಿತು.

ಕ್ಲಿಪ್ಪಿನ ಪೊಟ್ಟಣ ಪುಟ್ಟನ ಸ್ಕೂಟರಿನ ಡಿಕ್ಕಿಯಲ್ಲೇ ಇತ್ತು. ಸ್ಕೂಟರು ಹಿತ್ತಲಿನಲ್ಲಿತ್ತು. ಅಂಗಡಿಗೆ ಹೋಗುವ ಕೆಲಸ ತಪ್ಪಿತೆಂದು ಅವನು ಹಿಂದಿನ ಮೆಟ್ಟಿಲಿನಿಂದ ಹತ್ತಿ, ಏಣಿ ಏರಿ, ಎರಡು ಬರಿ ವೈರುಗಳ ತುದಿಯನ್ನು ಬೆರಳಿನಲ್ಲಿ ಹಿಡಿದಿದ್ದ.

ಭಾವನ ಕೈ ತಲೆಗಿಂತ ಮುಂಚೆ ಓಡಿತು. ಸ್ವಿಚ್ ಇಳಿಸಿ, ಫ್ಯೂಸು ಕಿತ್ತು, ಜೇಬಿಗೆ ತುರುಕಿಕೊಂಡು ಮೆಟ್ಟಿಲು ಹತ್ತಿದರು. ಎಷ್ಟು ಮೆಟ್ಟಿಲು ಹಾರಿದರೋ ಅವರಿಗೇ ಗೊತ್ತಿಲ್ಲ. ಮೇಲೆ ಏಣಿ ಅಡ್ಡ ಬಿದ್ದಿತ್ತು. ಪುಟ್ಟ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಬಲಗೈಯ ಬೆರಳ ತುದಿಗಳು ಕಪ್ಪಗಾಗಿದ್ದವು. ಆದರೆ ಉಸಿರಾಡುತ್ತಿದ್ದ. ಭಾವ ಅವನ ಎದೆ ಏರಿಳಿಯುವುದನ್ನೇ ನೋಡುತ್ತ ನಿಂತರು. ಲೋಕದಲ್ಲಿ ಅದಕ್ಕಿಂತ ಒಳ್ಳೆಯ ದೃಶ್ಯ ಇನ್ನೊಂದಿರಲಿಲ್ಲ.

"ಯಾರು ಹಾಕಿದ್ದು?" ಎಂದ ಪುಟ್ಟ.

"ನಾನೇ. ಡಾಕ್ಟರಮ್ಮ ಎರಡು ನಿಮಿಷ ಅಂದ್ರು. ನೀನು ಹೊರಗೆ ಹೋಗಿದ್ದೆಯಲ್ಲ ಅಂತ..."

ಪುಟ್ಟನ ಕಣ್ಣು ರೂಢಿಯಂತೆ ಏಣಿಯ ಕಡೆ ಹೋಯಿತು. ಏಣಿ ಅಂಗಾತ ಬಿದ್ದಿತ್ತು. ಬಿದ್ದವರನ್ನು ಬೈಯುವುದು ಹೇಗೆ? ಕಣ್ಣು ಅಲ್ಲಿಂದ ಮರಳಿ ಭಾವನ ಮುಖದ ಮೇಲೆ ನಿಂತಿತು.

"ಭಾವ, ನೀವು ಕತ್ತೆ. ಶುದ್ಧ ಕತ್ತೆ! ಮೇಲೆ ಬಂದು ನೋಡಿದ್ರಾ? ಒಂದು ಸಲ ಹತ್ತಿ ನೋಡೋಕೆ ಕಾಲಿಗೇನು ಬಂದಿತ್ತು? ಎರಡು ನಿಮಿಷವಂತೆ ಎರಡು ನಿಮಿಷ! ಸಾಯೋಕೆ ಅಷ್ಟು ಹೊತ್ತು ಬೇಕಾ? ನಾನು ಹೋಗಿದ್ರೆ ನನ್ನ ಅಕ್ಕನಿಗೆ ಏನಂತ ಹೇಳ್ತಿದ್ರಿ? ಅದಕ್ಕಿಂತ ಚೆನ್ನಾಗಿರೋ ತಮ್ಮನನ್ನ ತೋರಿಸ್ತೀನಿ ಬಾ ಅಂತಿದ್ರಾ? ಹನ್ನೊಂದು ವಾರದಿಂದ ಬೈಬಾರದು, ಬೈಬಾರದು ಅಂತ ನಾಲಿಗೆ ಕಚ್ಕೊಂಡು ಬಂದೆ. ನಾನೂ ಕತ್ತೆನೇ. ಮೊದಲ ವಾರವೇ ಸರಿಯಾಗಿ ಉಗಿದಿದ್ರೆ ಇವತ್ತು ಹೀಗಾಗ್ತಾನೇ ಇರ್ಲಿಲ್ಲ!"

ಅಷ್ಟರಲ್ಲಿ ಡಾಕ್ಟರಮ್ಮ ಬಂದರು, ಅವರ ಹಿಂದೆ ಬಾಯಿಗೆ ಹತ್ತಿ ಕಚ್ಚಿಕೊಂಡ ರೋಗಿಯೂ ಬಂದರು. ಇಬ್ಬರೂ ಬಾಗಿಲಲ್ಲೇ ನಿಂತುಬಿಟ್ಟರು. ಭಾವ ಕೈಕಟ್ಟಿ ನಿಂತು ಪ್ರತಿ ಮಾತನ್ನೂ ಕೇಳಿಸಿಕೊಂಡರು. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಅದರ ಕೆಳಗೆಲ್ಲೋ, ಹೇಳಿಕೊಳ್ಳಲು ಬಾರದ ಜಾಗದಲ್ಲಿ, ಅವರಿಗೆ ಸಮಾಧಾನವೂ ಆಗುತ್ತಿತ್ತು. ಇಷ್ಟು ಜೋರಾಗಿ ಬೈಯಬೇಕಾದರೆ ಅವನು ಬದುಕಿದ್ದಾನೆ. ಮತ್ತು ಬೈಗುಳ ಮೊದಲ ಸಲ ತಮಗೆ ಬಂದಿದೆ.

"ಮನೆಗೆ ಹೋಗಿ ಭಾವ" ಎಂದ ಪುಟ್ಟ ಕೊನೆಗೆ, ದನಿ ಇಳಿಸಿ. "ಈಗ ನಿಮ್ಮ ಮುಖ ನೋಡೋಕೆ ನನಗಾಗ್ತಿಲ್ಲ."

ಭಾವ ಬಸ್ಸು ಹತ್ತುವುದನ್ನು ಮರೆತು ನಡೆದೇ ಹೋದರು. ದಾರಿಯಲ್ಲಿ ಒಬ್ಬರು ಅಂಗಡಿಯ ಬಾಗಿಲು ತೊಳೆಯುತ್ತಿದ್ದರು, ಒಬ್ಬರು ಮಗುವಿಗೆ ಟೋಪಿ ಹಾಕುತ್ತಿದ್ದರು. ಎಲ್ಲ ಎಂದಿನಂತೆ ನಡೆಯುತ್ತಿತ್ತು. ನಡೆಯದೇ ಹೋಗಬಹುದಿತ್ತು ಎಂದು ನೆನೆದಾಗಲೆಲ್ಲ ಹೆಜ್ಜೆ ಜೋರಾಗುತ್ತಿತ್ತು. ಫಾರಂ ಇನ್ನು ಎಲ್ಲಿಯ ಮಾತು? ಹೋದರೆ ಹೋಗಲಿ, ಅವನು ಉಳಿದನಲ್ಲ, ಅಷ್ಟು ಸಾಕು ಎಂದುಕೊಂಡರು. ಅಷ್ಟು ಸಾಕು ಎನ್ನುವುದು ನಿಜವಾಗಿತ್ತು. ಆದರೂ ಮನೆಗೆ ಬಂದು ದಪ್ಪ ಬೂಟು ಬಿಚ್ಚಿ ಬಾಗಿಲ ಪಕ್ಕ ಜೋಡಿಸಿಡುವಾಗ ಕಣ್ಣು ಮಂಜಾಯಿತು. ಯಾರ ಮಾತೂ ಕೇಳುವ ಧೈರ್ಯವಿಲ್ಲದೆ ಫೋನ್ ಆಫ್ ಮಾಡಿ ಸೋಫಾದ ಮೇಲೆ ಬೆಕ್ಕಿನ ಪಕ್ಕ ಕುಳಿತರು.

ಹೆಂಡತಿ ಶಿಶುವಿಹಾರದ ಕೆಲಸ ಮುಗಿಸಿ ನಾಲ್ಕೂವರೆಗೆ ಬಂದಳು. ಬಂದವಳು ಚಪ್ಪಲಿ ಬಿಡಲಿಲ್ಲ, ಬಾಗಿಲಲ್ಲೇ ನಿಂತಳು. ಕಣ್ಣು ಕೆಂಪಗಿತ್ತು. ಪುಟ್ಟ ಅವಳಿಗೆ ಫೋನ್ ಮಾಡಿದ್ದ ಎಂದು ನೋಡಿದ ಕೂಡಲೇ ಗೊತ್ತಾಯಿತು. ಭಾವ ಎದ್ದು ನಿಂತು, ಬರಬೇಕಾದ ಬೈಗುಳಕ್ಕೆಲ್ಲ ಬೆನ್ನೊಡ್ಡಿದರು.

"ಜೇಬು ನೋಡ್ಕೊಳ್ಳಿ" ಎಂದಳು ಅವಳು.

"ಏನು?"

"ಜೇಬು, ಜೇಬು. ನಿಮ್ಮ ಪ್ಯಾಂಟಿನ ಜೇಬು!"

ಭಾವ ಕೈ ಹಾಕಿದರು. ಪಿಂಗಾಣಿ ತುಂಡು ಮೈಬಿಸಿಗೆ ಬೆಚ್ಚಗಾಗಿ ಕೈಗೆ ಬಂತು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು, ಯಾರದೋ ಹಲ್ಲು ಸಿಕ್ಕಿದವರಂತೆ ನೋಡಿದರು.

"ಮಧ್ಯಾಹ್ನದಿಂದ ಇಡೀ ಕ್ಲಿನಿಕ್ಕಲ್ಲಿ ಕರೆಂಟಿಲ್ಲ. ನಿಮಗೆ ಹನ್ನೆರಡು ಸಲ ಫೋನ್ ಮಾಡಿದ್ನಂತೆ. ಹೋಗಿ, ಕೊಟ್ಟು ಬನ್ನಿ." ಅವಳು ದಾರಿ ಬಿಟ್ಟು ನಿಂತಳು. ಆಮೇಲೆ ಅವರ ತೋಳು ಹಿಡಿದುಕೊಂಡು, "ಅವನಿಗೇನಾದ್ರೂ ಆಗಿದ್ರೆ ರೀ..." ಎಂದಳು. ಅವರ ಅಂಗಿಯ ಕಾಲರ್ ಸರಿಮಾಡಿದಳು. "ಡಾಕ್ಟರಮ್ಮನೇ ಆಸ್ಪತ್ರೆಗೆ ಕರ್ಕೊಂಡು ಹೋಗಿ ಎದೆ ಪರೀಕ್ಷೆ ಮಾಡಿಸಿದ್ರಂತೆ. ಗುಂಡುಕಲ್ಲಿನ ಹಾಗಿದ್ದಾನಂತೆ. ಹೋಗಿ ಈಗ. ಬೂಟು ಹಾಕ್ಕೊಂಡು ಹೋಗಿ."

ಕೊಟ್ಟು ಬರುವುದಕ್ಕೆ ಬೂಟು ಯಾಕೆ ಎಂದು ಭಾವ ಕೇಳಲಿಲ್ಲ. ಹೇಳಿದ ಹಾಗೆ ಹಾಕಿಕೊಂಡರು.

ಕ್ಲಿನಿಕ್ಕು ತಲುಪುವಾಗ ಬಿಸಿಲು ಇಳಿದಿತ್ತು. ಪುಟ್ಟ ಬೋರ್ಡಿನ ಕೆಳಗೆ, ಮೊದಲ ಮೆಟ್ಟಿಲ ಮೇಲೆ ಕೂತಿದ್ದ. ಬಲಗೈಗೆ ಬಿಳಿ ಪಟ್ಟಿ. ಒಳಗೆ ಡಾಕ್ಟರಮ್ಮ ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು, ಉಳಿದ ಬೆಳಕಿನಲ್ಲಿ ಏನೋ ಬರೆಯುತ್ತಿದ್ದರು. ಪುಟ್ಟನ ಪಕ್ಕದಲ್ಲಿ ಅವನ ಸಾಮಾನಿನ ಚೀಲ ಬಾಯಿ ತೆರೆದುಕೊಂಡಿತ್ತು. ಅದರ ಮೇಲ್ಗಡೆಯ ಜೇಬಿನಲ್ಲೇ ಇಂಥವೇ ಬಿಳಿ ಫ್ಯೂಸುಗಳು ನಾಲ್ಕು ಕಾಣುತ್ತಿದ್ದವು. ವಾರಕ್ಕೊಮ್ಮೆ ಅವುಗಳನ್ನು ಒರೆಸಿ ಜೋಡಿಸಿಡುತ್ತಿದ್ದವರು ಭಾವನೇ.

"ನಿನ್ನ ಹತ್ರ ಬೇರೆ ಇವೆಯಲ್ಲೋ" ಎಂದರು ಭಾವ. ಅವರಿಗೆ ಮೊದಲು ಹೊಳೆದದ್ದು ಅದೇ.

"ಇವೆ."

"ಹಾಕ್ಬಹುದಿತ್ತಲ್ಲ. ಮಧ್ಯಾಹ್ನದಿಂದ ಹೀಗೆ ಕತ್ತಲೇಲಿ..."

"ಹೇಗೆ ಹಾಕ್ಲಿ?" ಪುಟ್ಟ ಅವರನ್ನೇ ನೋಡಿದ. "ಫ್ಯೂಸ್ ನಿಮ್ಮ ಜೇಬಲ್ಲಿತ್ತು. ಬೋರ್ಡ್ ನಿಮ್ಮದು."

ಭಾವ ಚೀಲದ ಫ್ಯೂಸುಗಳನ್ನೂ ಅವನ ಕೈಯ ಬಿಳಿ ಪಟ್ಟಿಯನ್ನೂ ನೋಡಿದರು. ತಮ್ಮ ಕೈಯಿಂದ ಸಾಯಬೇಕಾಗಿದ್ದವನು, ಸುಟ್ಟ ಕೈ ಕಟ್ಟಿಕೊಂಡು, ಒಂದು ಕ್ಷಣದಲ್ಲಿ ಮುಗಿಯುವ ಕೆಲಸವನ್ನು ಮಾಡದೆ, ಇಷ್ಟು ಹೊತ್ತು ತಮಗಾಗಿ ಕಾದು ಕೂತಿದ್ದಾನೆ. ಹನ್ನೊಂದು ವಾರದಲ್ಲಿ ಅವನು ಕೊಟ್ಟ ಮರ್ಯಾದೆಯೆಲ್ಲ ಅಕ್ಕನ ಗಂಡನಿಗೆ ಕೊಟ್ಟದ್ದು. ಇದು ಮಾತ್ರ ಕೆಲಸದವನಿಗೆ ಕೊಟ್ಟದ್ದು. ಅವರಿಗೆ ಅವನ ತಲೆ ಸವರಬೇಕು ಅನ್ನಿಸಿತು, ಕಾಲಿಗೆ ಬೀಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

ಪುಟ್ಟ ಎಡಗೈ ಚಾಚಿದ. "ಕೊಡಿ. ಪಾಪ, ಮೇಡಂ ಕಾದು ಕಾದು ಸೋತಿದ್ದಾರೆ."

ಭಾವನ ಕೈ ಜೇಬಿಗೆ ಹೋಯಿತು. ಅಲ್ಲೇ ನಿಂತಿತು.

"ಇಲ್ಲ" ಎಂದರು.

"ಏನಿಲ್ಲ? ಮನೇಲೇ ಬಿಟ್ಟು ಬಂದ್ರಾ?"

"ಇದೆ. ಕೊಡಲ್ಲ. ಮೇಲೆ ನೋಡ್ಕೊಂಡು ಬರ್ತೀನಿ."

"ಮೇಲೆ ಯಾರಿದ್ದಾರೆ ಭಾವ? ನಾನು ಇಲ್ಲೇ ಇದ್ದೀನಲ್ಲ!"

"ಬೆಳಿಗ್ಗೆನೂ ಯಾರೂ ಇರ್ಲಿಲ್ಲ" ಎಂದರು ಭಾವ.

ಕಿಟಕಿಯ ಕಡೆಯಿಂದ ಹಿತವಾದ ದನಿ ಕೇಳಿಸಿತು. "ಭಾವನವರೇ, ಬಂದ್ರಾ? ಬೇಗ ಹಾಕಿಬಿಡ್ತೀರಾ? ಅಕ್ಷರವೇ ಕಾಣಿಸ್ತಿಲ್ಲ."

"ಇಲ್ಲ ಮೇಡಂ, ಇನ್ನೂ ಐದು ನಿಮಿಷ" ಎಂದರು. ಎರಡನೆಯ ಸಲಕ್ಕೆ ಆ ಶಬ್ದ ಸ್ವಲ್ಪ ಸಲೀಸಾಗಿ ಬಂತು.

ಮೇಲೆ ಹೋಗಿ ಎರಡು ಕೋಣೆಗಳನ್ನೂ ನೋಡಿದರು. ಬಾಗಿಲ ಹಿಂದೆ ನೋಡಿದರು. ಹಿಂದಿನ ಕಬ್ಬಿಣದ ಮೆಟ್ಟಿಲಿಗೆ ಬಗ್ಗಿ ನೋಡಿ, ಅಲ್ಲೂ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಬಾಗಿಲಿಗೆ ಚಿಲಕ ಹಾಕಿದರು. ಏಣಿ ಬಿದ್ದಲ್ಲೇ ಬಿದ್ದಿತ್ತು. ಅದನ್ನು ಎತ್ತಿ ನಿಲ್ಲಿಸಿ, ಅಲ್ಲಾಡಿಸಿ ನೋಡಿ, ಹತ್ತಿದರು. ಪುಟ್ಟ ಬೆಳಿಗ್ಗೆ ಹಿಡಿದಿದ್ದ ಎರಡು ತುದಿಗಳು ಹಾಗೇ ಬರಿಮೈಯಲ್ಲಿ ನೇತಾಡುತ್ತಿದ್ದವು. ಟೆಸ್ಟರ್ ಮುಟ್ಟಿಸಿ ನೋಡಿ, ಒಂದೊಂದಕ್ಕೂ ಟೇಪ್ ಸುತ್ತಿದರು. ಈ ಹನ್ನೊಂದು ವಾರದಲ್ಲಿ ಯಾರೂ ಏಣಿ ಹಿಡಿಯದೆ, ಯಾರೂ ಕೂತ್ಕೊಳ್ಳಿ ಎನ್ನದೆ ಅವರು ಮಾಡಿದ ಮೊದಲ ಕೆಲಸ ಅದು. ಇಳಿಯುವಾಗ ಏಣಿಯ ಬೆನ್ನು ತಟ್ಟಿದರು. ಪಾಪ, ಎಷ್ಟು ಮಾತು ಕೇಳಿತ್ತು ತಮ್ಮಿಂದಾಗಿ.

ಕೆಳಗೆ ಬಂದು ಫ್ಯೂಸು ಕೂರಿಸಿ ಸ್ವಿಚ್ ಏರಿಸಿದರು. ಕ್ಲಿನಿಕ್ಕಿನ ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಒಳಗಿನಿಂದ ಡಾಕ್ಟರಮ್ಮ "ಅಬ್ಬಾ!" ಎಂದರು. ಭಾವನಿಗೆ ಮೇಲಿಂದ ಯಾವ ಸದ್ದೂ ಕೇಳಿಸಲಿಲ್ಲ. ಆ ನಿಶ್ಶಬ್ದವನ್ನು ಅವರು ಬಹಳ ಹೊತ್ತು ಕಿವಿಗೊಟ್ಟು ಕೇಳಿದರು.

ಪುಟ್ಟ ಚೀಲದ ಜಿಪ್ ಎಳೆಯುತ್ತ, "ನಾಳೆ ಆ ಫಾರಂ ತನ್ನಿ" ಎಂದ.

"ಇನ್ನೂ ಎರಡು ವಾರ ಇದೆಯಲ್ಲೋ."

"ಇಲ್ಲ ಅನ್ನೋಕೆ ಬರದೇ ಇರೋವ್ರಿಗೆ ಸಹಿ ಹಾಕೋದು ಹೇಗೆ ಅಂತ ಯೋಚನೆ ಇತ್ತು. ಇವತ್ತು ಬಂತು. ಎಡಗೈ ಸಹಿ ನಡೆಯುತ್ತಾ ಅಂತ ಕೇಳ್ಕೊಂಡು ಬನ್ನಿ."

ಭಾವ ಬೋರ್ಡಿನ ಕಡೆ ಮುಖ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡರು. ದೊಡ್ಡ ಉಪಕಾರ ಮಾಡ್ದೆ ಕಣೋ ಪುಟ್ಟ ಎಂದು ಹೇಳಲು ಬಾಯಿ ತೆರೆದರು.

"ಮೇಲೆ ಆ ತುದಿಗಳಿಗೆ ಟೇಪ್ ಸುತ್ತಿದ್ರಾ?" ಎಂದು ಪುಟ್ಟ ನಡುವೆಯೇ ಕೇಳಿದ.

"ಸುತ್ತಿದೆ."

"ಎಷ್ಟು ಸುತ್ತು?"

"ಎರಡು."

"ಮೂರು ಸುತ್ತಬೇಕು, ಮೂರು! ಎಷ್ಟು ಸಲ ಹೇಳೋದು? ತಲೇಲಿ ಏನಿದೆ, ಮರದ ಪುಡಿನಾ?"

ಭಾವ ಅತ್ತಿತ್ತ ನೋಡಿದರು. ಏಣಿ ಮೇಲಿನ ಕೋಣೆಯಲ್ಲಿತ್ತು. ಪುಟ್ಟ ನೋಡುತ್ತಿದ್ದದ್ದು ತಮ್ಮ ಮುಖವನ್ನೇ.

"ಮೇಡಂ, ಇನ್ನೊಂದು ಐದು ನಿಮಿಷ" ಎಂದು ಒಳಗೆ ಕೂಗಿ ಹೇಳಿ, ಅವರು ಸ್ವಿಚ್ ಇಳಿಸಿ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ಮೂರನೆಯ ಸುತ್ತು ಸುತ್ತಲು ಮೆಟ್ಟಿಲು ಹತ್ತಿದರು.